ಹೌಜಿಗೆ ಬಿದ್ದ ಲಿಂಗ

ಚಾರ್‌ಮಿನಾರ್ ನೋಡಿದ್ದೀಯೇನಜ್ಜಿ ಎಂದು ಮೊಮ್ಮಕ್ಕಳು ನೀವು ಕೇಳಿದಾಗಲೆಲ್ಲ ನಾನು "ಹ್ಞೂ" ಎಂದು ಸುಮ್ಮನಾಗಿದ್ದೇನೆ. ಬಾಯಲ್ಲಿ ಹೇಳುವುದು ನನಗೆ ಮೊದಲಿನಿಂದಲೂ ಬಾರದು. ನಾಲ್ಕು ಮಂದಿ ಎದುರು ಕೂತು ನನ್ನ ಮುಖ ನೋಡಿದರೆ ಎದ್ದು ಒಳಗೆ ಹೋಗಿಬಿಡುತ್ತೇನೆ. ಬರೆ ಎಂದರೆ ಬರೆದೇನು. ಊರ ಶಾಲೆಯಲ್ಲಿ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿರಿ.

ನೋಡಿದ್ದು ನಿಜ. ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಅದನ್ನೇ ನೋಡುತ್ತ ಕೂತಿದ್ದೆ. ಆದರೆ ನೋಡಬೇಕೆಂದು ಹೋದವರು ನೋಡುವ ಹಾಗಲ್ಲ. ದವಾಖಾನೆಯ ಒಳಗೆ ಮನೆಯವರು ಮಲಗಿದ್ದಾಗ ಹೊರಗೆ ಕೂತವರು ಎದುರಿನ ಗೋಡೆ ನೋಡುತ್ತಾರಲ್ಲ, ಹಾಗೆ.

ಆಗ ನನಗೆ ಮದುವೆಯಾಗಿ ಒಂದು ವರ್ಷ ಆಗಿತ್ತು. ಮಸ್ಕಿಗೂ ಬಳಗಾನೂರಿಗೂ ನಡುವೆ ಇರುವ ನಮ್ಮ ಊರು ಆಗ ನಿಜಾಮರ ಸರ್ಕಾರದಲ್ಲಿತ್ತು. ಕಡೆಯ ವರ್ಷಗಳ ಗದ್ದಲ ಇನ್ನೂ ಶುರುವಾಗಿರಲಿಲ್ಲ. ನಮ್ಮತ್ತೆಗೆ ತವರಿನಿಂದ ಬಂದ ಎರೆಹೊಲವೊಂದಿತ್ತು. ಅದರ ಬಾಂದುಗಲ್ಲನ್ನು ಅವರ ದಾಯಾದಿಗಳು ರಾತ್ರೋರಾತ್ರಿ ಸರಿಸಿದ್ದರೆಂದು ಮಾವನವರು ಲಿಂಗಸುಗೂರಿನ ಕಚೇರಿಗೆ ಹೋದರು. ಅಲ್ಲಿಂದ ಮೊಕದ್ದಮೆ ರಾಯಚೂರಿಗೆ ಹೋಯಿತು. ರಾಯಚೂರಿನಿಂದ ಹೈದರಾಬಾದಿಗೆ ಹೋಯಿತು. ನಾವು ಸಾಕಿದ ಎತ್ತುಗಳೂ ಅಷ್ಟು ದೂರ ನಡೆದಿರಲಿಲ್ಲ. ಕಡೆಗೆ ವಕೀಲರು, ಹೊಲ ಯಾರ ಹೆಸರಿಗಿದೆಯೋ ಆ ಹೆಣ್ಣುಮಗಳನ್ನೇ ಕರೆತನ್ನಿ ಎಂದರು. ಅತ್ತೆ ಹೊರಡಬೇಕಾಯಿತು. ಜೊತೆಗೊಂದು ಹೆಣ್ಣು ಇರಲೆಂದು ನನ್ನನ್ನು ಹೊರಡಿಸಿದರು. ನಿಮ್ಮ ಅಜ್ಜ ಬಿತ್ತಿಗೆ ನೋಡಿಕೊಂಡು ಊರಲ್ಲೇ ಉಳಿದರು.

ಇಲ್ಲಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯದು. ನೀವು ಲಿಂಗ ಕಟ್ಟಿಕೊಳ್ಳುವುದು ಮದುವೆ ಮುಂಜಿಗೆ, ಹಬ್ಬಕ್ಕೆ. ಉಳಿದ ದಿನ ಅದು ದೇವರ ಜಗಲಿಯ ಮೇಲಿರುತ್ತದೆ. ಆಗ ಹಾಗಿರಲಿಲ್ಲ. ಕೊರಳಲ್ಲಿನ ಲಿಂಗವನ್ನು ಅಂಗೈಯಲ್ಲಿಟ್ಟು ನೀರೆರೆದು, ವಿಭೂತಿ ಹಚ್ಚಿ, ಪೂಜೆ ಮುಗಿಸುವ ತನಕ ತುತ್ತು ಹಾಗಿರಲಿ, ಗುಟುಕು ನೀರೂ ಇಲ್ಲ. ಅತ್ತೆ ಜ್ವರ ಬಂದು ಮಲಗಿದಾಗಲೂ ಇದನ್ನು ಬಿಟ್ಟವರಲ್ಲ. ಅವರ ಲಿಂಗ ಅವರಿಗಿಂತ ಹಿರಿಯದು. ಅವರು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮಠದ ಅಯ್ಯನವರು ಬಂದು ಆ ತಾಯಿಯ ಹೊಟ್ಟೆಯ ಮೇಲೆ ಕಟ್ಟಿ ಹೋಗಿದ್ದು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಕಾಲಂತೂ ತಾಗಲೇಬಾರದು. ಕಳೆದರೆ, ಸಿಗುವ ತನಕ ಅನ್ನ ನೀರು ಬಿಡುವುದು. ಹಾಗೆ ಬಿಟ್ಟು ಪ್ರಾಣವನ್ನೇ ಬಿಟ್ಟ ಮುದುಕಿಯೊಬ್ಬಳ ಕಥೆಯನ್ನು ಅತ್ತೆ ನನಗೆ ರೊಟ್ಟಿ ಬಡಿಯುತ್ತ ಹೇಳಿದ್ದರು, ಪಕ್ಕದ ಮನೆಯ ಸುದ್ದಿ ಹೇಳುವ ಹಾಗೆ.

ಊರು ಬಿಟ್ಟ ದಿನ ಬೆಳಿಗ್ಗೆ ಪೂಜೆ ಮಾಡಿ, ಊಟ ಮಾಡಿ ಚಕ್ಕಡಿ ಹತ್ತಿದೆವು. ಲಿಂಗಸುಗೂರಿನಿಂದ ಮೋಟಾರು. ಮೋಟಾರಿನಲ್ಲಿ ಧೂಳು ಕುಡಿದು ರಾಯಚೂರು ತಲುಪಿದ ಮೇಲೆ ರೈಲು. ವಾಡಿಯಲ್ಲಿ ಗಾಡಿ ಬದಲಿಸಬೇಕು. ಬೆಳಗಾದಾಗ ನಾವಿನ್ನೂ ಗಾಡಿಯಲ್ಲೇ ಇದ್ದೆವು. ಮಾವನವರು ಯಾವುದೋ ಸ್ಟೇಷನ್ನಿನ ನಲ್ಲಿಯ ಕೆಳಗೆ ತಲೆಯೊಡ್ಡಿ, ಕಂಬದ ಮರೆಯಲ್ಲಿ ನಿಂತು ಪೂಜೆ ಮುಗಿಸಿ, ಚಹಾ ಕುಡಿದು ಮೀಸೆ ಒರೆಸಿಕೊಂಡು ಬಂದರು.

"ನೀವಿಬ್ಬರೂ ಮಾಡಿಕೋರಿ ಬೇ. ಗಾಡಿ ಇನ್ನೂ ನಿಂದರ್ತೈತಿ."

"ಮಂದಿ ಬೂಟು ಹಾಕ್ಕೊಂಡು ದಾಟೋ ಜಾಗದಾಗ ಲಿಂಗ ಹ್ಯಾಂಗ ತಗೀಲಿ?" ಎಂದರು ಅತ್ತೆ. "ಇಳಿದು ಮಾಡಿಕೋತೀನಿ ನಡೀರಿ."

ಅತ್ತೆ ಮಾಡದೆ ನಾನು ಮಾಡುವ ಹಾಗಿರಲಿಲ್ಲ. ನಾನೂ ಬಾಯಿ ಒಣಗಿಸಿಕೊಂಡು ಕೂತೆ.

ಗಾಡಿ ತಡವಾಗಿ ಮುಟ್ಟಿತು. ಅದಾಲತ್ತಿನ ಹೊತ್ತು ಮೀರುತ್ತದೆಂದು ಮಾವನವರು ಸ್ಟೇಷನ್ನಿನಿಂದ ನೇರ ಅಲ್ಲಿಗೇ ನಡೆಸಿದರು. ನದಿಯ ದಂಡೆಯಲ್ಲಿ ಕೆಂಪು ಕಲ್ಲಿನ ಅರಮನೆಯಂಥ ಕಟ್ಟಡ. ಅದರ ಪಡಸಾಲೆಯ ಕಂಬವೊಂದಕ್ಕೆ ಒರಗಿ ಅತ್ತೆಯೂ ನಾನೂ ಸೆರಗು ಹೊದ್ದು ಕೂತೆವು. ಕರಿ ಕೋಟಿನವರು ನಮ್ಮನ್ನು ದಾಟಿ ದಾಟಿ ಓಡಾಡಿದರು. ಹೊತ್ತು ನೆತ್ತಿಗೇರಿದ ಮೇಲೆ ವಕೀಲರು ಬಂದು ಮಾವನವರ ಕಿವಿಯಲ್ಲಿ ಏನೋ ಹೇಳಿದರು.

"ತಾರೀಖು ಮುಂದ ಬಿತ್ತು," ಎಂದರು ಮಾವನವರು ನಮ್ಮ ಹತ್ತಿರ ಬಂದು.

ಅತ್ತೆ ಕಂಬ ಹಿಡಿದು ಎದ್ದರು.

ಇಳಿದುಕೊಳ್ಳಬೇಕಾಗಿದ್ದ ಮನೆ ನಮ್ಮ ಕಡೆಯವರೊಬ್ಬರದು, ಚಾರ್‌ಮಿನಾರಿನ ಆಚೆ. ಟಾಂಗಾ ಮಾಡೋಣವೆಂದು ಅತ್ತೆ ಮೆಲ್ಲಗೆ ಅಂದರು. ಮಾವನವರು ಹಿಂದೆ ಒಮ್ಮೆ ಆ ಊರಿಗೆ ಬಂದವರು. ಊರೇ ತಮ್ಮದೆನ್ನುವ ಹಾಗೆ ಕೈಬೀಸಿ, "ಇಲ್ಲೇ ಐತಿ, ಈಗ ಬಂತು ನಡೀರಿ. ಟಾಂಗಾದಾಗ ಕುಂತ್ರ ಏನು ಕಾಣ್ತೈತಿ?" ಎಂದರು. ಎರಡೂ ಬದಿಗೆ ಕಲ್ಲಿನ ಕಮಾನುಗಳ ಅಂಗಡಿಸಾಲು. ಮಾವನವರು ಮುಂದೆ ನಡೆದರು. ಅವರ ರುಮಾಲಿನ ಮೇಲೆ ಕಣ್ಣಿಟ್ಟು ನಾವು ಹಿಂದೆ ನಡೆದೆವು. ಅವರು "ಇಲ್ಲೇ ಐತಿ" ಎಂದು ತಿರುಗಿ ನೋಡಿದಾಗಲೆಲ್ಲ ದಾರಿ ಇನ್ನಷ್ಟು ಉದ್ದವಾದ ಹಾಗಿತ್ತು.

ಕಡೆಗೊಂದು ಎತ್ತರದ ಕಮಾನು ದಾಟಿದೆವು. ಒಳಗೆ ಅಗಲವಾದ ಚೌಕ. ನಾಲ್ಕು ದಿಕ್ಕಿಗೂ ಅಂಥವೇ ನಾಲ್ಕು ಕಮಾನು. ಸುತ್ತ ಮುತ್ತಿನ ಅಂಗಡಿ, ಬೆಳ್ಳಿಬಂಗಾರದ ಅಂಗಡಿ. ಎದುರಿನ ಕಮಾನಿನ ಕಂಡಿಯಲ್ಲಿ, ಚೌಕಟ್ಟಿನೊಳಗೆ ಕೂಡಿಸಿದ ಪಟದ ಹಾಗೆ, ಚಾರ್‌ಮಿನಾರು. ಚೌಕದ ನಟ್ಟನಡುವೆ ಕಲ್ಲಿನ ಕಟ್ಟೆ ಕಟ್ಟಿದ ಹೌಜು, ಅದರ ಮಧ್ಯದಲ್ಲಿ ನೀರು ಸಣ್ಣಗೆ ಚಿಮ್ಮುತ್ತಿತ್ತು.

ಅತ್ತೆ ನಿಂತುಬಿಟ್ಟರು.

"ಇದು ದೇವರ ಹೊಂಡ," ಎಂದರು. "ನಾಕೂ ಕಡಿ ಅಗಸಿ ಅದಾವ ನೋಡು. ನಡುವ ನೀರು. ನಾ ಇಲ್ಲೇ ಪೂಜಾ ಮಾಡಿಕೋತೀನಿ."

"ಏ, ಇದು ಬಾದಶಾಹನ ಕಾಲದ ಹೌಜಬೇ," ಎಂದರು ಮಾವನವರು ಗಾಬರಿಯಾಗಿ. "ಪ್ಯಾಟಿ ನಡುವ ಐತಿ. ಕುದುರಿ, ಎತ್ತು ಎಲ್ಲಾ ನೀರು ಕುಡೀತಾವ."

"ಕುಡೀಲಿ. ಎತ್ತು ಕುಡದ್ರ ನೀರು ಕೆಡ್ತೈತೇನು? ಮನ್ಯಾಗ ಎತ್ತಿನ ಪಾದಕ್ಕ ಬೀಳ್ತೀರಿ, ಇಲ್ಲಿ ಬಂದು ಬ್ಯಾರೆ ಮಾತಾಡ್ತೀರಿ."

"ಮನಿ ಇಲ್ಲೇ ಐತಿ."

"ನಿಮ್ಮ ಇಲ್ಲೇ ನಿನ್ನಿಯಿಂದ ನೋಡಾಕತ್ತೀನಿ. ನನ್ನ ಕಾಲು ಬರಾಂಗಿಲ್ಲರಿ."

ಹೌಜಿನ ಕಟ್ಟೆಯ ಮೇಲೆ ಕೂತರು. ಕೈಕಾಲು ಮುಖ ತೊಳೆದರು. ನನ್ನನ್ನು ನಿಲ್ಲಿಸಿ ಸೆರಗು ಅಗಲ ಮಾಡಿ ಮರೆ ಹಿಡಿಯಲು ಹೇಳಿದರು. ರಾಜಧಾನಿಯ ನಡುಬೀದಿಯಲ್ಲಿ, ಸಾವಿರ ಮಂದಿಯ ಎದುರು, ನಾನು ಎರಡೂ ಕೈಯಲ್ಲಿ ಸೆರಗು ಚಾಚಿ ನಿಂತೆ. ನೆಲ ನೋಡುವುದನ್ನು ಬಿಟ್ಟು ನನಗೆ ಬೇರೆ ದಾರಿ ಇರಲಿಲ್ಲ. ಟಾಂಗಾದವನೊಬ್ಬ ಏನೋ ಅಂದ, ಅಂಗಡಿ ಕಟ್ಟೆಯವರು ನಕ್ಕರು. ಅತ್ತೆಗೆ ಅದಾವುದೂ ಕೇಳಿಸಲಿಲ್ಲ. ಕೊರಳಲ್ಲಿನ ಪುಟ್ಟ ಕರಡಿಗೆಯ ಮುಚ್ಚಳ ತೆಗೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬೊಗಸೆಯಲ್ಲಿ ಮೊದಲ ನೀರು ಎರೆದಿದ್ದರು.

ಆಗ ಸೀಟಿ ಕೇಳಿಸಿತು. ಒಂದಲ್ಲ, ಚೌಕದ ಎಲ್ಲ ಮೂಲೆಯಿಂದ. ಪೊಲೀಸಿನವರು "ಹಟೋ, ಹಟೋ" ಎನ್ನುತ್ತ ಮಂದಿಯನ್ನು ಬದಿಗೆ ಒತ್ತಿದರು. ದೊಡ್ಡವರ ಮೋಟಾರು ಬರುತ್ತದೆ, ದಾರಿ ಬಿಡಬೇಕು. ಒಬ್ಬ ನಮ್ಮ ಬೆನ್ನ ಹಿಂದೆಯೇ ನಿಂತು ಸೀಟಿ ಊದಿದ. ಅವನು ನಮ್ಮನ್ನು ಮುಟ್ಟಲಿಲ್ಲ, ಬೈಯಲಿಲ್ಲ. ಆದರೆ ಆ ಸದ್ದಿಗೆ ಅತ್ತೆ ಬೆಚ್ಚಿ ಬಿದ್ದರು. ಅಂಗೈ ವಾಲಿತು. ಲಿಂಗ ನೀರಿಗೆ ಬಿತ್ತು. ಸದ್ದು ಕೂಡ ಆಗಲಿಲ್ಲ.

ಮೋಟಾರೊಂದು ಹೋಯಿತು. ಯಾರೋ ನವಾಬರೆಂದರು ಕೆಲವರು. ದವಾಖಾನೆಯ ಡಾಕ್ಟರೆಂದರು ಇನ್ನು ಕೆಲವರು. ಮಂದಿ ಮತ್ತೆ ಬೀದಿಗಿಳಿದರು. ಅತ್ತೆ ಮಾತ್ರ ಎಡ ಅಂಗೈಯನ್ನು ತೆರೆದು ಹಿಡಿದೇ ಕೂತಿದ್ದರು, ಅದರಲ್ಲಿ ಇನ್ನೂ ಏನೋ ಇರುವ ಹಾಗೆ.

"ಅತ್ತಿ," ಎಂದೆ ನಾನು. ಅವರು ನನ್ನ ಕಡೆ ನೋಡಲಿಲ್ಲ.

ಹೌಜು ಸೊಂಟದಾಳಕ್ಕಿಂತ ಹೆಚ್ಚೇ ಇತ್ತು. ನೀರು ಹಸಿರು, ತಳ ಕಾಣದು. ಮಾವನವರು ರುಮಾಲು ತೆಗೆದು ಕಂಕುಳಲ್ಲಿಟ್ಟು, ಅಂಗಿಯ ತೋಳು ಮಡಿಸಿ ನೀರಿಗೆ ಕೈಯಿಟ್ಟರು. ತೋಳು ತಳ ಮುಟ್ಟಲಿಲ್ಲ. ಆಗಲೇ ಸುತ್ತ ಗುಂಪು ಕೂಡಿತ್ತು. ಮುತ್ತಿನ ಅಂಗಡಿಗಳ ನಡುವೆ ಹೆಂಗಸೊಬ್ಬಳು ನೀರಿಗೆ ಏನೋ ಬೀಳಿಸಿಕೊಂಡು ಕಲ್ಲಾಗಿ ಕೂತಿದ್ದಾಳೆಂದರೆ ಅದು ಇನ್ನೇನಿದ್ದೀತು? ಮುತ್ತಿನ ಸರ ಎಂದರು. ಹಿಂದಿದ್ದವರು ವಜ್ರ ಎಂದರು. ಗಡ್ಡದವನೊಬ್ಬ ಪಾಯಜಾಮ ಮೊಣಕಾಲಿನ ಮೇಲಕ್ಕೆ ಸುತ್ತಿ ಕಟ್ಟೆ ಹತ್ತಿದ. ಅವನ ಹಿಂದೆ ಇನ್ನಿಬ್ಬರು.

ಅತ್ತೆಗೆ ಆಗ ದನಿ ಬಂತು.

"ಕಾಲಿಡಬ್ಯಾಡ್ರೀ! ನಿಮ್ಮ ಮಕ್ಕಳ ಆಣಿ, ಯಾರೂ ಕಾಲಿಡಬ್ಯಾಡ್ರೀ!"

ಕನ್ನಡ ಯಾರಿಗೆ ತಿಳಿಯಬೇಕು? ಮಾವನವರ ಉರ್ದು ಕಚೇರಿಯ ಉರ್ದು. ಅರ್ಜಿ, ಮೊಕದ್ದಮೆ, ಹಾಜರ್, ಗೈರಹಾಜರ್. ಅದರಲ್ಲಿ ಲಿಂಗಕ್ಕೆ ಮಾತಿರಲಿಲ್ಲ. ಕೈ ಜೋಡಿಸಿ "ಹುಜೂರ್, ಹುಜೂರ್" ಎನ್ನುತ್ತ ಪಾಯಜಾಮದವನನ್ನು ಹಿಡಿದುಕೊಂಡರು. ಅವರು ತಡೆದಷ್ಟೂ ಬಿದ್ದದ್ದು ಬಹಳ ಬೆಲೆಯದೆಂದು ಗುಂಪಿಗೆ ಖಾತ್ರಿಯಾಯಿತು.

ನಾನು ಏನು ಮಾಡಿದೆನೆಂದು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ. ಕೊರಳಿನ ನನ್ನ ಕರಡಿಗೆ ಬಿಚ್ಚಿ, ನನ್ನ ಲಿಂಗವನ್ನು ಅಂಗೈಯಲ್ಲಿಟ್ಟು, ಆ ಗಂಡಸರ ಎದುರು ಕೈ ಮುಂದೆ ಮಾಡಿದೆ. ಕರಿದಾದ, ನೆಲ್ಲಿಕಾಯಿಯಷ್ಟಿನ ಲಿಂಗ. ಊರ ಶಾಲೆಯಲ್ಲಿ ಕಲಿಸಿದ್ದ ಉರ್ದುವಿನಲ್ಲಿ ಎರಡು ಮಾತು ನೆನಪಿಗೆ ಬಂದವು. "ಐಸಾ. ಖುದಾ." ಇಂಥದು, ದೇವರು. ಅಷ್ಟೇ ಅಂದೆ.

ಗುಂಪಿನ ಮುಂದಿದ್ದ ಮುದುಕನೊಬ್ಬ ಬಾಗಿ ನೋಡಿದ. ಬೀದಿಗೆ ನೀರು ಚಿಮುಕಿಸುವ ಭಿಸ್ತಿ ಅವನು. ಬೆನ್ನ ಮೇಲೆ ತೊಗಲಿನ ನೀರಚೀಲ, ಬಾಯಲ್ಲಿ ಎಲೆ. ಮುಟ್ಟಲು ಕೈ ಚಾಚಿದವನು ನಾನು ಹಿಂದೆ ಸರಿದದ್ದನ್ನು ಕಂಡು ಕೈ ಎಳೆದುಕೊಂಡ. ಗುಂಪಿನ ಕಡೆ ತಿರುಗಿ, ಇದು ಮುತ್ತೂ ಅಲ್ಲ ಗಿತ್ತೂ ಅಲ್ಲ, ಈ ತಾಯಿಯ ಪೂಜೆಯ ಕಲ್ಲು, ಹೋಗಿರೋ ನಿಮ್ಮ ನಿಮ್ಮ ಕೆಲಸಕ್ಕೆ ಎಂದು ಉರ್ದುವಿನಲ್ಲಿ ಗದರಿದ. ವಜ್ರವಲ್ಲವೆಂದು ತಿಳಿದ ಮೇಲೆ ಗುಂಪು ಕರಗಲು ಹೊತ್ತು ಬೇಕಾಗಲಿಲ್ಲ. ಪಾಯಜಾಮದವನು ಮಡಿಕೆ ಬಿಚ್ಚಿಕೊಂಡು ಹೋದ.

ಭಿಸ್ತಿ ಮಾವನವರ ಜೊತೆ ಮಾತಾಡಿದ. ಬಿದಿರಿನ ಕೋಲಿಗೆ ಕಸಬರಿಗೆ ಕಟ್ಟಿ ಎಳೆದರೆ ಕ್ಷಣದಲ್ಲಿ ಬರುತ್ತದೆ ಎಂದ. ಮಾವನವರು ಅದನ್ನು ಅತ್ತೆಗೆ ಹೇಳಿದರು.

"ನನ್ನ ಪ್ರಾಣಕ್ಕ ಕಸಬರಿಗಿ ಹಚ್ತೀರೇನು?" ಎಂದರು ಅತ್ತೆ.

ಹಾಗಾದರೆ ನೀರು ತೆಗೆಯಬೇಕು. ಬಿಸಿಲು ಇಳಿದ ಮೇಲೆ, ಅವರ ಸಂಜೆಯ ಮುಂಚಿನ ನಮಾಜು ಆದ ಮೇಲೆ, ಧೂಳು ಅಡಗಲು ಚೌಕಕ್ಕೆಲ್ಲ ನೀರು ಹೊಡೆಯುವುದು ಭಿಸ್ತಿಗಳ ಕೆಲಸ. ಬೇರೆ ಕಡೆಯಿಂದ ತರುವ ನೀರನ್ನು ಇವತ್ತು ಇಲ್ಲಿಂದಲೇ ತೆಗೆಯುತ್ತೇವೆ, ಚಿಮ್ಮುವ ನಲ್ಲಿಯನ್ನು ನಿಲ್ಲಿಸಲು ಹೇಳುತ್ತೇನೆ, ಅಲ್ಲಿಯ ತನಕ ಕೂತಿರಿ ಎಂದು ಹೇಳಿ ಹೋದ.

ಕೂತೆವು. ಚಾರ್‌ಮಿನಾರಿನ ಕಡೆಯ ಕಮಾನಿನ ಬುಡದಲ್ಲಿ ಒಂದು ಪಟ್ಟಿ ನೆರಳಿತ್ತು. ಹೌಜಿನ ಮೇಲೆ ಕಣ್ಣಿರಬೇಕೆಂದು ಅತ್ತೆ ಅತ್ತ ಮುಖ ಮಾಡಿ ಕೂತರು. ನಾನು ಅವರಿಗೆ ಬೆನ್ನು ತಾಗಿಸಿ ಇತ್ತ ಮುಖ ಮಾಡಿ ಕೂತೆ, ಅವರು ಒರಗಿಕೊಳ್ಳಲೆಂದು. ನನ್ನ ಕಣ್ಣೆದುರು ಚಾರ್‌ಮಿನಾರು ಬಂದದ್ದು ಹಾಗೆ.

ಗಾರೆಯ ಬಣ್ಣ ಹಾಲು ಕಾಯಿಸಿದ ಪಾತ್ರೆಯ ತಳದ ಹಾಗೆ ಅಲ್ಲಲ್ಲಿ ಕಂದಿತ್ತು. ನಡುವೆ ದೊಡ್ಡ ಗಡಿಯಾರ. ಅದರ ಮುಳ್ಳುಗಳನ್ನು ನಾನು ನೋಡಿದಷ್ಟು ಆ ಊರಿನವರೂ ನೋಡಿರಲಾರರು. ಕೆಳಗೆ ನಾಲ್ಕು ಕಮಾನಿನ ಒಳಗೂ ಹೊರಗೂ ಎತ್ತಿನ ಗಾಡಿ, ಟಾಂಗಾ, ಸೈಕಲ್ಲು, ಬುರುಕಿ ಹೊದ್ದ ಹೆಂಗಸರು. ಅದರಾಚೆ ಮಸೀದಿಯ ಉದ್ದ ಗೋಡೆ, ಅದರ ಮೇಲೆ ಪಾರಿವಾಳಗಳ ಸಾಲು. ಸದ್ದಾದರೆ ಎಲ್ಲ ಒಮ್ಮೆಲೇ ಏಳುತ್ತಿದ್ದವು, ಒಂದು ಸುತ್ತು ಹಾಕಿ ಅಲ್ಲಿಗೇ ಬಂದು ಕೂರುತ್ತಿದ್ದವು. ಬಲಗಡೆಯ ಬೀದಿಯಲ್ಲಿ ಬಳೆಯಂಗಡಿಗಳು ಫಳಫಳ ಎನ್ನುತ್ತಿದ್ದವು. ಹೊಸ ಮದುವಣಗಿತ್ತಿ ನಾನು, ಬೇರೆ ದಿನವಾಗಿದ್ದರೆ ಎದೆ ಹಾರುತ್ತಿತ್ತೇನೋ. ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ನನಗೆ ಕಂಡದ್ದು ಬಳೆಗಳ ನಡುವೆ ಶರಬತ್ತಿನ ಅಂಗಡಿಯೊಂದೇ.

ಮಾವನವರಿಗೆ ಕೂತಲ್ಲಿ ಕೂರಲು ಆಗಲಿಲ್ಲ. ಹೋಗುವರು, ಬರುವರು.

"ಮಸೂತಿ ಅಂಗಳದಾಗ ನಮ್ಮ ಊರs ಹಿಡಿಸ್ತೈತಿ," ಎಂದು ಒಮ್ಮೆ ಬಂದು ಹೇಳಿದರು. "ಚಾರ್‌ಮಿನಾರಿನ ಕೆಳಗ ಸುರಂಗ ಐತಂತ. ಗೋಲ್ಕೊಂಡದ ತನಕ ಹೋಗ್ತೈತಂತ," ಎಂದು ಇನ್ನೊಮ್ಮೆ.

"ಹೌಜಿನ ತಳಕ್ಕ ಹೋಗೋ ಸುರಂಗ ಇದ್ರ ಹೇಳ್ರಿ," ಎಂದರು ಅತ್ತೆ.

ಮಾವನವರು ಅವರ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅವರ ದನಿ ಇಳಿದಿತ್ತು. "ಈ ಊರಾಗೂ ನಮ್ಮ ಮಠ ಐತಿ. ಅಯ್ಯನೋರ ಕಡಿಂದ ಹೊಸಾದು ಕಟ್ಟಿಸಾಮು. ಊರಿಗೆ ಹೋದ ಮ್ಯಾಲ ನಿನ್ನ ಗುರುಗಳಿಗೆ ಹೇಳಾಮು."

"ನಮ್ಮವ್ವನ ಹೊಟ್ಟಿ ಮ್ಯಾಲ ಕಟ್ಟಿದ್ದು ಅದು. ಅವ್ವ ಹೋದ್ಲು, ಅಪ್ಪ ಹೋದ. ಅದೊಂದs ಉಳಿದಿತ್ತು."

"ಒಂದು ಗುಟುಕು ನೀರರ ಕುಡಿ. ಪಾಪ ನನಗಿರ್ಲಿ."

"ನಿಮಗ ಇರೋವs ಭಾಳ ಅದಾವ. ಇದೊಂದು ಯಾಕ?"

ಹಾಗೆಂದು ನಗಲು ನೋಡಿದರು. ತುಟಿ ಒಡೆದು ರಕ್ತ ಬಂತು. ಮಾವನವರು ಎದ್ದು ಕಮಾನಿನ ಆಚೆ ಹೋಗಿ ನಿಂತರು. ರುಮಾಲಿನ ಚುಂಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದುದು ನನಗೆ ಕಾಣುತ್ತಿತ್ತು.

ಬುರುಕಿಯ ಹೆಂಗಸೊಬ್ಬಳು ನಮ್ಮನ್ನು ನೋಡುತ್ತ ಎರಡು ಸಲ ದಾಟಿ ಹೋಗಿದ್ದಳು. ಮೂರನೆಯ ಸಲ ಎದುರಿನ ಅಂಗಡಿಯಿಂದ ಗಾಜಿನ ಲೋಟದಲ್ಲಿ ಕೆಂಪು ಶರಬತ್ತು ತಂದು ನನ್ನ ಮುಂದೆ ಹಿಡಿದಳು. ನಾನು ತಲೆಯಾಡಿಸಿದೆ. ತನ್ನ ಕೈಯದೆಂದು ಬೇಡವೆನ್ನುತ್ತಾಳೆ ಎಂದುಕೊಂಡಳೋ ಏನೋ, ಮುಸುಕು ಸರಿಸಿದ್ದ ಮುಖ ಸಣ್ಣಗಾಯಿತು. ನನಗೆ ಬಹಳ ಕಸಿವಿಸಿಯಾಯಿತು. ಹೇಗೆ ಹೇಳುವುದು? ಅತ್ತೆಯನ್ನು ತೋರಿಸಿ, ನನ್ನನ್ನು ತೋರಿಸಿ, "ರೋಜಾ" ಎಂದೆ.

"ಅಚ್ಛಾ, ರೋಜಾ!" ಎಂದಳು. ಉಪವಾಸವೆಂದರೆ ಅವಳಿಗೆ ಬೇರೆ ಏನೂ ವಿವರಿಸಬೇಕಾಗಲಿಲ್ಲ. ಲೋಟವನ್ನು ತಟಕ್ಕನೆ ಬುರುಕಿಯ ಒಳಗೆ ಮರೆಮಾಡಿ, ನಮ್ಮ ಕಣ್ಣಿಗೆ ಬೀಳದ ಹಾಗೆ ಅಂಗಡಿಗೆ ಮರಳಿಸಿ ಬಂದಳು. ಬಂದು ನನ್ನ ಪಕ್ಕದಲ್ಲಿ ಕೂತಳು. ಇಬ್ಬರೂ ಮಾತಾಡಲಿಲ್ಲ. ಮಾತಿಲ್ಲದೆ ಕೂರುವವರು ನನಗೆ ಯಾವತ್ತೂ ಹಿತ.

ನೆರಳು ಚೌಕದ ಆ ಬದಿಗೆ ಹೋದ ಮೇಲೆ ಭಿಸ್ತಿಗಳು ಬಂದರು. ನಮ್ಮ ಮುದುಕನೂ ಅವನ ಸಂಗಡಿಗರೂ. ಚಿಮ್ಮುವ ನೀರು ನಿಂತಿತ್ತು. ಚೀಲ ಮುಳುಗಿಸುವುದು, ಬೆನ್ನಿಗೇರಿಸುವುದು, ಚೀಲದ ಬಾಯಿ ಹಿಡಿದು ಬೀಸಿ ಬೀಸಿ ಚಿಮುಕಿಸುತ್ತ ಹೋಗುವುದು, ಮತ್ತೆ ಬರುವುದು. ಅವರೂ ದಣಿದರು. ನೀರು ಇಳಿಯುವುದು ಕಣ್ಣಿಗೇ ಕಾಣದಷ್ಟು ನಿಧಾನ. ಅತ್ತೆ ಕಟ್ಟೆಯ ಹತ್ತಿರ ಹೋಗಿ ನಿಂತರು. ಒಂದು ಚೀಲ ಮೇಲೆದ್ದಾಗಲೆಲ್ಲ ಅದರ ಬಾಯೊಳಗೆ ಬಗ್ಗಿ ನೋಡುತ್ತಿದ್ದರು. ಮುದುಕ ಅವರಿಗಾಗಿ ಪ್ರತಿ ಸಲ ಚೀಲವನ್ನು ಒಂದು ಕ್ಷಣ ತಡೆದು ಹಿಡಿಯುತ್ತಿದ್ದ.

ಕಡೆಗೆ ಪಾದ ಮುಳುಗುವಷ್ಟು ನೀರು ಉಳಿಯಿತು. ಅದರ ಕೆಳಗೆ ಕರಿ ಕೆಸರು. ಇನ್ನು ಚೀಲ ಮುಳುಗದು. ಅತ್ತೆ ಕಟ್ಟೆಯ ಮೇಲೆ ಬೋರಲಾಗಿ ಮಲಗಿ, ನಾನು ಅವರ ಸೊಂಟ ಹಿಡಿದಿರಲು ಅರ್ಧ ಮೈ ಒಳಗೆ ಇಳಿಬಿಟ್ಟು, ಕೆಸರಿನಲ್ಲಿ ಕೈಯಾಡಿಸಿದರು. ಬಳೆಚೂರು ಬಂತು. ಹಳೆಯ ಬೀಗವೊಂದು ಬಂತು. ಲಿಂಗ ಬರಲಿಲ್ಲ. ಕೂತಿದ್ದ ಜಾಗದಿಂದ ಕಟ್ಟೆಯ ಸುತ್ತ ಹಾಗೇ ಸರಿಯುತ್ತ ಹುಡುಕಿದರು. ಹೌಜಿನ ತಳ ನಡುವಿಗೆ ಇಳಿಜಾರಾಗಿತ್ತು. ಅಲ್ಲಿಗೆ ಯಾರ ತೋಳೂ ಮುಟ್ಟದು.

ಅತ್ತೆ ಎದ್ದು ಕೂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಏನು ಮಾಡ್ತೀಯಬೇ?" ಎಂದರು ಮಾವನವರು.

"ಒಳಗ ಹೋಗ್ತೀನಿ."

"ಕಾಲಿಡಬಾರದು ಅಂತ ನೀನs ಅಂದಿ."

"ಕಾಲಲ್ಲ. ಕೈ ಇಟ್ಟು ನೋಡಿ ಮೊಣಕಾಲಿಡ್ತೀನಿ."

ಅತ್ತೆಯನ್ನು ನಾವಿಬ್ಬರೂ ಹಿಡಿದು ಇಳಿಸಿದೆವು. ಅಂಚಿನಲ್ಲಿ ಮೊದಲೇ ಹುಡುಕಿ ಆಗಿದ್ದ ಜಾಗದಲ್ಲಿ ಅವರು ಮೊಣಕಾಲೂರಿದರು. ಮುಂದಿನ ಗೇಣು ನೆಲವನ್ನು ಎರಡೂ ಕೈಯಲ್ಲಿ ಸವರಿದರು. ಅಲ್ಲಿ ಏನೂ ಇಲ್ಲವೆಂದು ಗೊತ್ತಾದ ಮೇಲೆ ಒಂದು ಮೊಣಕಾಲನ್ನು ಅಲ್ಲಿಗೆ ಸರಿಸಿದರು. ಮತ್ತೆ ಸವರಿದರು. ಮನೆಯ ಅಂಗಳಕ್ಕೆ ಸಗಣಿ ಬಳಿಯುವಾಗ ಸರಿಯುತ್ತಿದ್ದರಲ್ಲ, ಅದೇ ರೀತಿ. ಬುರುಕಿಯ ಹೆಂಗಸು ಇನ್ನಿಬ್ಬರನ್ನು ಕರೆತಂದಿದ್ದಳು. ಅವರು ಗಂಡಸರ ಕಡೆ ಬೆನ್ನು ಮಾಡಿ ಸಾಲಾಗಿ ನಿಂತು ಮರೆಯಾದರು. ಭಿಸ್ತಿ ಮುದುಕ ತಾನಾಗಿಯೇ ಮುಖ ತಿರುಗಿಸಿ ನಿಂತ. ಎಷ್ಟು ಹೊತ್ತು ಆಯಿತೋ ತಿಳಿಯದು. ನಾನು ಗಡಿಯಾರ ನೋಡುವುದನ್ನು ಬಿಟ್ಟಿದ್ದೆ. ಒಂದೆರಡು ಸಲ ಅತ್ತೆ ಹಾಗೇ ಕೆಸರಿನಲ್ಲಿ ಕೈಯೂರಿ, ತಲೆ ಜೋತುಬಿಟ್ಟು ನಿಂತರು. ಇನ್ನು ಬಿದ್ದರು ಎಂದುಕೊಂಡೆ.

ನೀರು ಚಿಮ್ಮುವ ಕಂಬದ ಬುಡದಲ್ಲಿ ಅವರ ಕೈ ನಿಂತಿತು. ಅವರು ಕೂಗಲಿಲ್ಲ, ಅಳಲಿಲ್ಲ. ಕೈಯನ್ನು ಕೆಸರಿನಿಂದ ತೆಗೆಯದೆ ನನ್ನ ಕಡೆ ನೋಡಿ, "ಸಿಕ್ತು ಬೇ," ಎಂದರು, ಸೂಜಿ ಸಿಕ್ಕಿತು ಎನ್ನುವ ಹಾಗೆ.

ಅವರನ್ನು ಎಳೆದು ಮೇಲೆ ಕೂಡಿಸಿದೆವು. ಮೈಯೆಲ್ಲ ಕೆಸರು. ಅಂಗೈಯಲ್ಲಿ ಕೆಸರಿನ ಉಂಡೆ, ಅದರೊಳಗೆ ಲಿಂಗ. ಆಗ ಗೊತ್ತಾಯಿತು, ತೊಳೆಯಲು ನೀರಿಲ್ಲ. ಹೌಜಿನ ನೀರೆಲ್ಲ ಬೀದಿಯಲ್ಲಿತ್ತು. ಮಾವನವರು ಎಲ್ಲಾದರೂ ಬಾವಿ ಇದೆಯೇ ನೋಡಿ ಬರುತ್ತೇನೆಂದು ಹೊರಟರು. ಭಿಸ್ತಿ ಮುದುಕನ ಬೆನ್ನ ಮೇಲೆ ಕಡೆಯ ಚೀಲ ಇನ್ನೂ ತುಂಬಿತ್ತು. ಅವನು ಅದನ್ನು ನೋಡಿದ. ಅತ್ತೆಯನ್ನು ನೋಡಿದ.

ಅತ್ತೆ ಎರಡೂ ಕೈ ಅವನ ಮುಂದೆ ಒಡ್ಡಿದರು. "ಹಾಕಪ್ಪಾ."

"ಚಮಡಾ ಹೈ, ಮಾ," ಎಂದ ಅವನು ಅಳುಕುತ್ತ. ತೊಗಲು ಇದು, ತಾಯಿ.

ಮಾವನವರು ಅರ್ಧ ದಾರಿಯಿಂದ ತಿರುಗಿ ಬಂದರು. "ತೊಗಲಿನ ಚೀಲದ ನೀರಬೇ ಅದು. ಲಿಂಗಕ್ಕ..."

"ನನ್ನ ಕೈ ಯಾತರದು ಐತ್ರಿ?" ಎಂದರು ಅತ್ತೆ. "ಬೆಳ್ಳೀದೇನು? ಇಷ್ಟು ವರ್ಷ ತೊಗಲಿನ ಕೈಯಾಗs ಇಟ್ಟು ಪೂಜಾ ಮಾಡೀನಿ. ಹಾಕಪ್ಪಾ ನೀ."

ಮುದುಕ ಚೀಲದ ಬಾಯನ್ನು ಬೆರಳಲ್ಲಿ ಬಿಗಿಹಿಡಿದು ನೂಲಿನಷ್ಟು ಸಣ್ಣ ಧಾರೆ ಬಿಟ್ಟ. ಕೆಸರು ಬೆರಳಸಂದಿಯಲ್ಲಿ ಹರಿದುಹೋಗಿ, ಲಿಂಗ ಕರ್ರಗೆ ಕಂಡಿತು. ಎಲ್ಲಿಯೂ ಒಡೆದಿರಲಿಲ್ಲ. ವಿಭೂತಿಯ ಉಂಡೆ ನೆನೆದು ಹೋಗಿತ್ತು. ಅದನ್ನೇ ಹಚ್ಚಿದರು. ಹೂವಿರಲಿಲ್ಲ, ಪತ್ರೆ ಇರಲಿಲ್ಲ. ಕಣ್ಣು ಮುಚ್ಚಿ ಕೂತದ್ದು ಬಹಳ ಹೊತ್ತಲ್ಲ. ದಿನದಷ್ಟು ಮಂತ್ರ ಹೇಳಲು ಅವರಲ್ಲಿ ಶಕ್ತಿಯಿರಲಿಲ್ಲ. ನನಗೂ ಅದೇ ಧಾರೆಯಲ್ಲಿ ಪೂಜೆ ಮಾಡಿಕೊಳ್ಳಲು ಹೇಳಿದರು. ಮಾಡಿಕೊಂಡೆ. ಆಮೇಲೆ ಅತ್ತೆ ಬೊಗಸೆಯೊಡ್ಡಿ ನೀರು ಕುಡಿದರು. ಕುಡಿಯುತ್ತಲೇ ಇದ್ದರು. ಗಲ್ಲದಿಂದ ಇಳಿದ ನೀರು ಕೆಸರು ಸೀರೆಯ ಮೇಲೆ ಬಿಳಿ ಗೆರೆ ಮಾಡಿತು. ಮಾವನವರು ಬೇರೆ ಕಡೆ ನೋಡುತ್ತ ನಿಂತಿದ್ದರು. ಕಡೆಗೆ ಅವರೂ ಬಂದು ಬೊಗಸೆ ಒಡ್ಡಿದರು.

ಅಷ್ಟರಲ್ಲಿ ಚೌಕದಲ್ಲಿ ದೀಪ ಹಚ್ಚಿದ್ದರು. ಒದ್ದೆ ಧೂಳಿನ ವಾಸನೆ ಎಲ್ಲ ಕಡೆ. ಮಾವನವರು ಯಾರೂ ಹೇಳದೆಯೇ ಟಾಂಗಾ ಕರೆದರು. ಹತ್ತುವಾಗ ಅವರಿಗೆ ಏನನಿಸಿತೋ, "ನಾಳೆ ಮುಂಜಾನಿ ಮಿನಾರ ಹತ್ತಿ ನೋಡ್ತೀರೇನು? ಮ್ಯಾಲಿಂದ ಊರೆಲ್ಲಾ ಕಾಣ್ತೈತಂತ," ಎಂದರು.

"ಕೆಳಗಿಂದs ಎಲ್ಲಾ ನೋಡೀವಿ," ಎಂದರು ಅತ್ತೆ. ಸ್ವಲ್ಪ ದೂರ ಹೋದ ಮೇಲೆ, "ಮುಂದಿನ ತಾರೀಖಿಗೆ ನಾ ಬರಾಂಗಿಲ್ಲರಿ," ಎಂದರು.

"ಹೊಲ?"

"ಅದೆಲ್ಲಿ ಹೋಗ್ತೈತಿ? ಅಲ್ಲೇ ಇರ್ತೈತಿ. ಅವರು ಬಿತ್ತಲಿ. ನಮ್ಮವ್ವನ ಹೊಲ ಅಂತ ನಾ ಇಷ್ಟು ದೂರ ಬಂದೆ. ಬಂದು ನಮ್ಮವ್ವ ಕೊಟ್ಟಿದ್ದs ಕಳಕೊಳ್ತಿದ್ದೆ."

ಮಾವನವರು ಆಮೇಲೆ ಒಬ್ಬರೇ ಎರಡು ಮೂರು ಸಲ ಹೋಗಿ ಬಂದರು. ಹೆಣ್ಣುಮಗಳು ಬಾರದೆ ಆ ಮೊಕದ್ದಮೆ ವಜಾ ಆಯಿತು. ಬಳಗಾನೂರಿನ ದಾರಿಯಲ್ಲಿ ಬಸ್ಸಿನಿಂದ ನೀವು ನೋಡುವ ಆ ಕಾಲುವೆ ಪಕ್ಕದ ಗದ್ದೆ, ಆಗಿನ ಆ ಎರೆಹೊಲ, ನಮ್ಮದಾಗದೆ ಹೋದದ್ದು ಹೀಗೆ.

ನಮ್ಮ ಕಡೆಯವರ ಮನೆಯಲ್ಲಿ ನೀರು ಕಾಯಿಸಿ ಕೊಟ್ಟರು, ಜೋಳದ ರೊಟ್ಟಿ ಬಡಿದು ಹಾಕಿದರು. ಅರ್ಧ ರೊಟ್ಟಿ ತಿನ್ನುವುದರೊಳಗೆ ಅತ್ತೆ ತಾಟಿನ ಮುಂದೆಯೇ ಗೋಡೆಗೆ ಒರಗಿ ನಿದ್ದೆಹೋದರು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಎಂಜಲು ಕೈಯನ್ನು ನಾನೇ ತಾಟಿನಲ್ಲಿ ತೊಳೆದು ಒರೆಸಿದೆ. ಉಗುರಿನ ಸಂದಿಯಲ್ಲಿ ಆ ಕರಿ ಕೆಸರು ಇನ್ನೂ ಇತ್ತು, ಅದು ಹೋಗಲಿಲ್ಲ. ಇನ್ನೊಂದು ಕೈ ಎದೆಯ ಮೇಲಿನ ಕರಡಿಗೆಯನ್ನು ಹಿಡಿದುಕೊಂಡಿತ್ತು. ಅದನ್ನು ಬಿಡಿಸಲು ನಾನು ಹೋಗಲಿಲ್ಲ.